ಬೊಗ್ಗನ ಹಸಿ ಮಾಂಸದ ಬಟ್ಟಲಿಗೆ ಯಾವ ತರಕಾರಿ, ಯಾವ ಹಣ್ಣು ಹಾಕಬಹುದು?

ಬೊಗ್ಗನ ಮನೆ, ಕದ್ರಿ

ಎಲ್ಲರಿಗೂ ನಮಸ್ಕಾರ. ನಮ್ಮ ಬೊಗ್ಗ ಊರ ನಾಯಿ. ಮೂರು ವರ್ಷ, 18 ಕಿಲೋ. ಎರಡು ತಿಂಗಳಿಂದ ಹಸಿ ಮಾಂಸ ಕೊಡುತ್ತಿದ್ದೇನೆ. ತುರಿಕೆ ಕಡಿಮೆಯಾಗಿದೆ, ಮೈ ಹೊಳೆಯುತ್ತದೆ, ಬಟ್ಟಲನ್ನು ನೆಕ್ಕಿ ನೆಕ್ಕಿ ಅಡುಗೆಮನೆ ಗೋಡೆವರೆಗೆ ತಳ್ಳಿಕೊಂಡು ಹೋಗುತ್ತಾನೆ. ಇಲ್ಲಿವರೆಗೆ ಖುಷಿ.

ತೊಂದರೆ ಹಿತ್ತಲಲ್ಲಿ. ಪಾಪ, ತಿಣುಕಿ ತಿಣುಕಿ ಕೂರುತ್ತಾನೆ. ಹೊರಗೆ ಬರುವುದು ಸುಣ್ಣದ ಉಂಡೆಯ ಹಾಗೆ ಬೆಳ್ಳಗೆ ಇರುತ್ತದೆ. ಮರುದಿನ ಕಾಲು ತಾಗಿದರೆ ಪುಡಿ. ನಾರಿನಂಶ ಸಾಲದು ಅಂತ ನನಗೆ ಅನಿಸಿತು. ಮೊನ್ನೆಯಿಂದ ಬೇಯಿಸಿದ ಸಿಹಿಕುಂಬಳ ಎರಡು ಚಮಚ ಹಾಕಿದೆ, ಸ್ವಲ್ಪ ಸುಲಭವಾಯಿತು. ಹಾಗಾಗಿ ಈಗ ಒಂದು ಪೂರ್ತಿ ಪಟ್ಟಿ ಬೇಕು. ಹಿತ್ತಲಲ್ಲಿ ಬಸಳೆ ಚಪ್ಪರ ಉಂಟು, ಪಪ್ಪಾಯಿ ಉಂಟು, ಮಾವು ಬೀಳುತ್ತಾ ಉಂಟು. ಅತ್ತೆ ತೆಂಗಿನ ತುರಿ ಹಾಕು ಅನ್ನುತ್ತಾರೆ.

ಈಗ ಕೊಡುವುದು ಬೆಳಿಗ್ಗೆ ಕೋಳಿ ಕುತ್ತಿಗೆ, ರಾತ್ರಿ ಕೋಳಿ ಕಾಲು (ಲೆಗ್ ಪೀಸ್ ಅಲ್ಲ, ಉಗುರಿರುವ ಪಾದ). ವಾರಕ್ಕೊಮ್ಮೆ ಲಿವರ್. ಚಿಕನ್ ಅಂಗಡಿಯವರು ಕುತ್ತಿಗೆ, ಕಾಲು ಕಡಿಮೆ ರೇಟಿಗೆ ಕೊಡುತ್ತಾರೆ, ಅದಕ್ಕೆ.

ಎರಡು ಲ್ಯಾಬ್ ಒಂದು ಬೆಕ್ಕು, ಮಣಿಪಾಲ

ಅಕ್ಕ, ನಾನು ನನ್ನ ಇಬ್ಬರಿಗೆ ಕ್ಯಾರೆಟ್, ಬೀನ್ಸ್, ಸಿಹಿಕುಂಬಳ, ಹೀರೆಕಾಯಿ ಎಲ್ಲ ಹಾಕುತ್ತೇನೆ. ಒಂದೇ ನಿಯಮ. ತುಂಡು ಮಾಡಿ ಹಾಕಬೇಡಿ, ರುಬ್ಬಿ ಹಾಕಿ. ಮೊದಲು ಕ್ಯಾರೆಟನ್ನು ಹಸಿಯಾಗಿ ಹೆಚ್ಚಿ ಕೊಡುತ್ತಿದ್ದೆ. ಮರುದಿನ ಅದೇ ಕಿತ್ತಳೆ ಚೌಕಗಳು, ಲೆಕ್ಕ ಹಾಕಿದರೆ ಒಂದೂ ಕಡಿಮೆ ಇಲ್ಲ! ನಾಯಿ ನಮ್ಮ ಹಾಗೆ ಅಗಿಯುವುದಿಲ್ಲ, ನುಂಗುತ್ತದೆ. ತರಕಾರಿಯ ಜೀವಕೋಶದ ಗೋಡೆ ಒಡೆಯುವ ಶಕ್ತಿ ಅದರ ಹೊಟ್ಟೆಗಿಲ್ಲ. ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಟ್ಟು, ಮಿಕ್ಸಿಗೆ ಹಾಕಿದರೆ ಮಾತ್ರ ಒಳಗಿನದ್ದು ಸಿಗುವುದು.

ನಾನು ವಾರಕ್ಕೊಮ್ಮೆ ರುಬ್ಬಿ ಐಸ್ ಟ್ರೇಯಲ್ಲಿ ಹಾಕಿ ಫ್ರೀಜರಿಗೆ ತಳ್ಳುತ್ತೇನೆ. ನನ್ನ ಟ್ರೇಯ ಒಂದು ತುಂಡು ಸುಮಾರು 15 ಗ್ರಾಂ. ರಾತ್ರಿ ಎಷ್ಟು ಬೇಕೋ ಅಷ್ಟು ತೆಗೆದು ಕೆಳಗಿನ ತಟ್ಟೆಯಲ್ಲಿ ಇಟ್ಟರೆ ಬೆಳಿಗ್ಗೆಗೆ ಕರಗಿರುತ್ತದೆ. ಒಮ್ಮೆ ನಮ್ಮ ಯಜಮಾನರು ಬೀಟ್‌ರೂಟ್ ತುಂಡನ್ನು ಜ್ಯೂಸಿನ ಐಸ್ ಅಂದುಕೊಂಡು ಬೊಂಡದ ನೀರಿಗೆ ಹಾಕಿಕೊಂಡಿದ್ದರು. ಅದು ಬೇರೆ ಕತೆ.

ಸೂಜಿ ಮದ್ದು, ಉಡುಪಿ

ಅಕ್ಕ, ಪಟ್ಟಿ ಆಮೇಲೆ ಮಾಡೋಣ. ಮೊದಲು ಆ ಸುಣ್ಣದ ಉಂಡೆಯ ವಿಷಯ. ನಾನು ಪಶುವೈದ್ಯೆ. ಹಸಿ ಮಾಂಸದ ಪರ ಅಲ್ಲ, ಅದನ್ನು ಕೊನೆಗೆ ಹೇಳುತ್ತೇನೆ.

ನೀವು ಕೊಡುತ್ತಿರುವುದು ಮಾಂಸ ಅಲ್ಲ, ಎಲುಬು. ಚರ್ಮ ಇರುವ ಕೋಳಿ ಕುತ್ತಿಗೆಯಲ್ಲೇ ಮೂರನೇ ಒಂದು ಪಾಲಿಗಿಂತ ಜಾಸ್ತಿ ಎಲುಬು. ಚರ್ಮ ಸುಲಿದದ್ದಾದರೆ ಅದರ ದುಪ್ಪಟ್ಟು. ಕಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು. ಹಸಿ ಮಾಂಸ ಕೊಡುವವರೇ ಇಟ್ಟುಕೊಂಡ ಲೆಕ್ಕ ನೂರಕ್ಕೆ ಹತ್ತು ಪಾಲು ಎಲುಬು. ಬೊಗ್ಗನಿಗೆ ಅದರ ನಾಲ್ಕೈದು ಪಟ್ಟು ಹೋಗುತ್ತಿದೆ. ಮಲ ಬೆಳ್ಳಗೆ, ಪುಡಿಪುಡಿ ಆಗುವುದು ಅದರಿಂದಲೇ. ಇದೇ ರೀತಿ ಹೋದರೆ ಒಂದು ದಿನ ಪೂರ್ತಿ ಕಟ್ಟಿ ಎನಿಮಾ ಕೊಡಬೇಕಾಗುತ್ತದೆ.

ಸಿಹಿಕುಂಬಳ ಹಾಕಿದಿರಿ, ಸುಲಭವಾಯಿತು. ಸರಿ. ಆದರೆ ಅದು ಸೋರುವ ಮಾಡಿನ ಕೆಳಗೆ ಬಾಲ್ದಿ ಇಟ್ಟ ಹಾಗೆ. ಬಾಲ್ದಿ ದೊಡ್ಡದು ಮಾಡುವ ಬದಲು ಹೆಂಚು ಸರಿ ಮಾಡಿ.

18 ಕಿಲೋ ನಾಯಿಗೆ ದಿನಕ್ಕೆ ತೂಕದ ನೂರಕ್ಕೆ ಎರಡೂವರೆ ಪಾಲು ಅಂತ ಹಿಡಿದರೆ 450 ಗ್ರಾಂ ಊಟ. ಅದರಲ್ಲಿ ಚರ್ಮ ಇರುವ ಕುತ್ತಿಗೆ ಸುಮಾರು 120 ಗ್ರಾಂ ಸಾಕು, ಸುಲಿದದ್ದಾದರೆ ಅದರ ಅರ್ಧ. ಲಿವರ್ ದಿನಕ್ಕೆ 20 ಗ್ರಾಂ ಆಸುಪಾಸು, ಹೆಚ್ಚು ಬೇಡ. ಲಿವರ್ ಜಾಸ್ತಿಯಾದರೆ ವಿಟಮಿನ್ ಎ ಮೈಯಲ್ಲಿ ಸೇರುತ್ತಾ ಹೋಗಿ ಮೂಳೆಗೇ ತೊಂದರೆ. ತರಕಾರಿ 45 ಗ್ರಾಂ, ಅಂದರೆ ಮೇಲಿನವರ ಐಸ್ ತುಂಡು ಮೂರು. ಉಳಿದದ್ದೆಲ್ಲ ಎಲುಬಿಲ್ಲದ ಮಾಂಸ, ಹೃದಯ, ಮೀನು.

ಬೊಗ್ಗನ ಮನೆ, ಕದ್ರಿ

ಡಾಕ್ಟ್ರೆ, ಓದಿ ಮಂಡೆ ಬಿಸಿ ಆಯಿತು. ಎರಡು ತಿಂಗಳು ನಾನು ಅವನಿಗೆ ಸುಣ್ಣ ತಿನ್ನಿಸಿದೆ ಅಂತಾಯಿತು. ಇವತ್ತೇ ಕಾಲು ನಿಲ್ಲಿಸಿದೆ. ಅಂಗಡಿಯವರು "ಎಂತ ಅಕ್ಕ, ನಾಯಿ ಬೇಜಾರಾ?" ಅಂತ ಕೇಳಿದರು.

ಬಸಳೆ ಕೊಡಬಹುದಾ? ಮನೆಯಲ್ಲಿ ಸಿಕ್ಕಾಪಟ್ಟೆ ಬೆಳೆದಿದೆ.

ತೋಳದ ಮರಿ, ಸುರತ್ಕಲ್

ನನ್ನ ಮಟ್ಟಿಗೆ ತರಕಾರಿಯೇ ಸುಮ್ನೆ. ನಾಯಿ ಮಾಂಸಾಹಾರಿ. ತೋಳ ಬೇಟೆಯ ಹೊಟ್ಟೆಯೊಳಗಿನ ಹುಲ್ಲು ತಿನ್ನುತ್ತದೆ, ಹಾಗಾಗಿ ನಾಯಿಗೂ ಸೊಪ್ಪು ಬೇಕು ಅಂತ ಹೇಳುವವರು ಅಮೆರಿಕದ ತೋಳ ತಜ್ಞ ಡೇವಿಡ್ ಮೆಕ್ ಬರೆದದ್ದು ಓದಬೇಕು. ದೊಡ್ಡ ಬೇಟೆಯಾದರೆ ತೋಳ ಆ ಹುಲ್ಲನ್ನು ಬಿಟ್ಟು ಉಳಿದದ್ದನ್ನು ತಿನ್ನುತ್ತದೆ. ವಿಟಮಿನ್ ಸಿಗಾಗಿ ಹಣ್ಣು ಕೊಡುತ್ತೇವೆ ಅನ್ನುವುದು ಇನ್ನೊಂದು ತಮಾಷೆ. ನಾಯಿ ಅದನ್ನು ತನ್ನ ಲಿವರಿನಲ್ಲೇ ಮಾಡಿಕೊಳ್ಳುತ್ತದೆ, ನಮ್ಮ ಹಾಗೆ ಲಿಂಬೆ ಹುಡುಕಬೇಕಾಗಿಲ್ಲ.

ಸೂಜಿ ಮದ್ದು, ಉಡುಪಿ

ತೋಳದ ಮರಿಯವರೇ, ಎರಡು ಮಾತೂ ಸರಿ. ಆದರೆ ಬೊಗ್ಗ ತೋಳ ಅಲ್ಲ. 2013ರಲ್ಲಿ ಸ್ವೀಡನ್ನಿನ ಉಪ್ಸಾಲಾದ ವಿಜ್ಞಾನಿಗಳು ನಾಯಿ ಮತ್ತು ತೋಳದ ಜೀನ್ ಹೋಲಿಸಿದರು. ಪಿಷ್ಟ ಜೀರ್ಣಿಸುವ ಜೀನು ತೋಳದಲ್ಲಿ 2 ಪ್ರತಿ ಇದ್ದರೆ ನಾಯಿಯಲ್ಲಿ 4ರಿಂದ 30ರವರೆಗೆ ಇತ್ತು. ಮನುಷ್ಯರ ಜಗಲಿಯಲ್ಲಿ ಸಾವಿರಾರು ವರ್ಷ ಗಂಜಿ ತಿಂದವರ ಮಕ್ಕಳು ಇವರು.

ಈ ಜಗಳ ಹಳೆಯದು. 1993ರಲ್ಲಿ ಹಸಿ ಊಟವನ್ನು ಜನರ ಬಾಯಿಗೆ ತಂದ ಇಯಾನ್ ಬಿಲ್ಲಿಂಗ್‌ಹರ್ಸ್ಟ್ ಅರೆದ ತರಕಾರಿ ಬೇಕು ಅಂದರು. ಟಾಮ್ ಲಾನ್ಸ್‌ಡೇಲ್ ಮಾಂಸ ಹಿಡಿದ ಎಲುಬೇ ಮುಖ್ಯ ಅಂದರು. ಇಬ್ಬರೂ ಆಸ್ಟ್ರೇಲಿಯಾದ ಪಶುವೈದ್ಯರೇ. ನನ್ನ ಲೆಕ್ಕದಲ್ಲಿ ತರಕಾರಿ ಕೊಟ್ಟರೆ ಮಲ ಹದವಾಗಿರುತ್ತದೆ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಕ್ಕೆ ಮೇವು ಸಿಗುತ್ತದೆ. ಅಷ್ಟೇ. ಅದರಿಂದ ಎಲುಬು, ಲಿವರ್, ಮೀನಿನ ತಪ್ಪು ಲೆಕ್ಕ ಸರಿಯಾಗುವುದಿಲ್ಲ.

ಬಸಳೆಗೆ ಬರುತ್ತೇನೆ. ಬಸಳೆ, ಹರಿವೆ, ಪಾಲಕ್ ಮೂರರಲ್ಲೂ ಆಕ್ಸಲೇಟ್ ಜಾಸ್ತಿ, ಅದು ಮೂತ್ರದಲ್ಲಿ ಕಲ್ಲು ಕಟ್ಟುವ ವಸ್ತು. ಕುದಿಸಿ ನೀರು ಚೆಲ್ಲಿದರೆ ಸ್ವಲ್ಪ ಹೋಗುತ್ತದೆ. ವಾರಕ್ಕೊಮ್ಮೆ ಎರಡು ಎಲೆ ತೊಂದರೆ ಇಲ್ಲ. ಆದರೆ ಚಪ್ಪರ ಖಾಲಿ ಮಾಡಲು ಬೊಗ್ಗನನ್ನು ಇಟ್ಟುಕೊಳ್ಳಬೇಡಿ. ಮೂತ್ರದಲ್ಲಿ ಕಲ್ಲು ಆಗುವ ನಾಯಿಗಂತೂ ಬೇಡವೇ ಬೇಡ. ಧಾರೆಹುಳಿಯಲ್ಲೂ (ನಕ್ಷತ್ರ ಹಣ್ಣು) ಆಕ್ಸಲೇಟ್ ಜಾಸ್ತಿ. ಕೆಸು, ಸುವರ್ಣಗಡ್ಡೆ ಹಸಿಯಾಗಿ ಬಾಯಿಗೆ ಹೋದರೆ ನಮಗಾಗುವ ತುರಿಕೆಯೇ ಅವಕ್ಕೂ ಆಗುತ್ತದೆ.

ತೋಟದ ಕೆಳಗಿನ ಮನೆ, ಬ್ರಹ್ಮಾವರ

ಮಾವು ಬೀಳುತ್ತಾ ಉಂಟು ಅಂತ ಬರೆದಿದ್ದೀರಲ್ಲ, ಅದಕ್ಕೇ ಬಂದೆ.

ಹೋದ ವರ್ಷ ಮೇ ತಿಂಗಳಲ್ಲಿ ನಮ್ಮ ಜಿಮ್ಮಿ ಊಟ ಬಿಟ್ಟಳು. ಮೊದಲ ದಿನ ನೀರು ಕುಡಿದು ವಾಂತಿ. ಎರಡನೇ ದಿನ ಹಳದಿ ನೊರೆ. ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು, ಗ್ಯಾಸ್ ಅಂತ ಸೂಜಿ ಕೊಟ್ಟು ಕಳಿಸಿದರು. ಮೂರನೇ ದಿನ ಅವಳು ಮುಂಗಾಲು ನೆಲಕ್ಕೆ ಊರಿ, ಹಿಂಭಾಗ ಎತ್ತಿ ನಿಂತಿದ್ದಳು, ನಮಸ್ಕಾರ ಮಾಡುವ ಹಾಗೆ. ನಾವು ಆಟ ಅಂದುಕೊಂಡೆವು. ಅದು ಹೊಟ್ಟೆನೋವು. ಬೇರೆ ಕಡೆ ಸ್ಕ್ಯಾನ್ ಮಾಡಿಸಿದಾಗ ಕರುಳಿನಲ್ಲಿ ಕಾಟು ಮಾವಿನ ಗೊರಟು. ಆಪರೇಷನ್ ಆಯಿತು. ಡಾಕ್ಟ್ರು ಅದನ್ನು ತೊಳೆದು ಸಣ್ಣ ಡಬ್ಬಿಯಲ್ಲಿ ಕೊಟ್ಟರು. ನಾರೆಲ್ಲ ಹೋಗಿ ನುಣ್ಣಗೆ, ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಕಾಟು ಮಾವು ಸಣ್ಣದು, ಸಿಹಿ, ಒಂದೇ ಗುಟುಕಿಗೆ ಹೋಗುತ್ತದೆ. ಕಸಿ ಮಾವಿನ ಗೊರಟಾಗಿದ್ದರೆ ಅವಳಿಗೆ ಅಷ್ಟು ಸುಲಭವಾಗಿ ನುಂಗಲು ಆಗುತ್ತಿರಲಿಲ್ಲವೇನೋ.

ಈಗ ನಾನು ಮಾವಿನ ತಿರುಳು ಮಾತ್ರ ಎರಡು ಬೆರಳಲ್ಲಿ ಹಿಡಿದು ಕೊಡುತ್ತೇನೆ. ಬೆಳಿಗ್ಗೆ ಅವಳನ್ನು ಬಿಡುವ ಮೊದಲು ಮರದ ಬುಡ ಗುಡಿಸುತ್ತೇನೆ. ಹಲಸಿನ ತೊಳೆಯೂ ಬೀಜ ತೆಗೆದು ಅರ್ಧ. ಗೇರುಹಣ್ಣು ಬೇಕಾದರೆ ಒಂದು ತುಂಡು ತಿನ್ನಲಿ, ಗೇರುಬೀಜದ ಸಿಪ್ಪೆ ಮಾತ್ರ ಬಾಯಿಗೆ ಸಿಗಬಾರದು. ಅದರ ಎಣ್ಣೆ ನಮ್ಮ ಕೈಯನ್ನೇ ಸುಡುತ್ತದೆ ಅಲ್ವಾ.

ಎರಡು ಲ್ಯಾಬ್ ಒಂದು ಬೆಕ್ಕು, ಮಣಿಪಾಲ

ಅಯ್ಯೋ, ಓದಿ ಹೊಟ್ಟೆ ಕಲಸಿತು. ಜಿಮ್ಮಿ ಹೇಗಿದ್ದಾಳೆ ಈಗ?

ತೋಟದ ಕೆಳಗಿನ ಮನೆ, ಬ್ರಹ್ಮಾವರ

ಗಟ್ಟಿಯಾಗಿದ್ದಾಳೆ. ಮಾವಿನ ಮರದ ಕೆಳಗೇ ಮಲಗುತ್ತಾಳೆ, ಬುದ್ಧಿ ಬಂದಿಲ್ಲ.

ಗಂಜಿ ಪಕ್ಷ, ಕಾಪು

ಇಷ್ಟೆಲ್ಲ ಯಾಕೆ ಮಾರಾಯ್ರೆ? ನಮ್ಮ ಅಜ್ಜಿ ಕುಚ್ಚಲಕ್ಕಿ ಗಂಜಿಗೆ ಮೀನಿನ ತಲೆ ಬೇಯಿಸಿ ಹಾಕುತ್ತಿದ್ದರು. ಉಳಿದ ಸಾರು, ಪಲ್ಯ ಅದಕ್ಕೇ ಸುರಿಯುತ್ತಿದ್ದರು. ನಮ್ಮ ಟೈಗರ್ 14 ವರ್ಷ ಬದುಕಿದ್ದ.

ಸೂಜಿ ಮದ್ದು, ಉಡುಪಿ

ಗಂಜಿಗೂ ಮೀನಿನ ತಲೆಗೂ ನನ್ನ ಒಂದು ಓಟು ಉಂಟು ಅಣ್ಣ. ಸಾರಿಗೆ ಇಲ್ಲ.

ಸಾರಿನಲ್ಲಿ ನೀರುಳ್ಳಿ, ಬೆಳ್ಳುಳ್ಳಿ ಇರುತ್ತದೆ. ಹಸಿ, ಬೇಯಿಸಿದ್ದು, ಪುಡಿ ಎಲ್ಲ ಒಂದೇ, ನಾಯಿಯ ಕೆಂಪು ರಕ್ತಕಣ ಒಡೆಯುತ್ತದೆ. ಒಂದೇ ದಿನ ಕಾಣುವುದಿಲ್ಲ. ಮೂರ್ನಾಲ್ಕು ದಿನ ಬಿಟ್ಟು ವಸಡು ಬಿಳಿಚಿ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದಾಗ ನಮ್ಮ ಹತ್ತಿರ ಬರುತ್ತಾರೆ.

ಇನ್ನೊಂದು, ನಮ್ಮ ಊರಿನವರು ಯೋಚಿಸಲೇ ಬೇಕಾದದ್ದು. ದ್ರಾಕ್ಷಿ, ಒಣದ್ರಾಕ್ಷಿ ತಿಂದು ನಾಯಿಯ ಕಿಡ್ನಿ ಹಾಳಾಗುವುದು ಮೊದಲೇ ಗೊತ್ತಿತ್ತು, ಯಾಕೆ ಅಂತ ಗೊತ್ತಿರಲಿಲ್ಲ. 2021ರಲ್ಲಿ ಅಮೆರಿಕದ ಪ್ರಾಣಿದಯಾ ಸಂಘ ಎಎಸ್‌ಪಿಸಿಎಯ ವಿಷ ನಿಯಂತ್ರಣ ಕೇಂದ್ರದ ಪಶುವೈದ್ಯರು ಅದರಲ್ಲಿರುವ ಟಾರ್ಟಾರಿಕ್ ಆಮ್ಲದ ಕಡೆ ಬೆರಳು ತೋರಿಸಿದರು. ಅದೇ ಆಮ್ಲ ಹುಣಸೆಹಣ್ಣಿನಲ್ಲಿ ಭರ್ತಿ ಇದೆ. ನಮ್ಮ ಮೀನು ಸಾರಿನಲ್ಲಿ, ಕೋಳಿ ಸಾರಿನಲ್ಲಿ ಹುಣಸೆ ಇಲ್ಲದ್ದು ಯಾವುದು ಹೇಳಿ? ಪಾಯಸದ ಒಣದ್ರಾಕ್ಷಿ, ಅಷ್ಟಮಿ ಉಂಡೆಯ ಒಣದ್ರಾಕ್ಷಿ ಎಲ್ಲ ಸೇರಿತು. ಟೈಗರ್ ಬದುಕಿದ್ದ, ಒಳ್ಳೆಯದಾಯಿತು. ಬದುಕದ ನಾಯಿಗಳ ಕತೆ ಅಜ್ಜಿಯರು ಹೇಳುವುದಿಲ್ಲ, ಅದು "ಎಂತದೋ ತಿಂದು ಸತ್ತಿತು" ಅಂತಲೇ ಮುಗಿಯುತ್ತದೆ.

ಸಕ್ಕರೆ ರಹಿತ ಕಡಲೆಕಾಯಿ ಬೆಣ್ಣೆ ಕೊಡುವವರು ಡಬ್ಬಿ ತಿರುಗಿಸಿ ನೋಡಿ. ಕ್ಸೈಲಿಟಾಲ್ ಅಂತ ಬರೆದಿದ್ದರೆ ಮನೆಗೇ ತರಬೇಡಿ, ಸಕ್ಕರೆ ಬದಲು ಹಾಕುವ ಆ ಸಿಹಿ ನಾಯಿಗೆ ವಿಷ.

ಗಂಜಿ ಪಕ್ಷ, ಕಾಪು

ಹುಣಸೆ ವಿಷಯ ಗೊತ್ತಿರಲಿಲ್ಲ. ಸಾರು ಬಿಟ್ಟೆ. ಗಂಜಿ ಬಿಡುವುದಿಲ್ಲ.

ಫಿಶರೀಸ್ ಕಾಲೇಜಿನ ಹಳಬ, ಮಂಗಳೂರು

ಎಲ್ಲರೂ ತರಕಾರಿ ತರಕಾರಿ ಅನ್ನುತ್ತಿದ್ದೀರಿ. ಕಡಲ ಬದಿಯಲ್ಲಿದ್ದು ಮೀನನ್ನು ಕೊನೆಗೆ ಇಟ್ಟರೆ ಹೇಗೆ? ಬ್ರಾಯ್ಲರ್ ಕೋಳಿಯ ಕೊಬ್ಬಿನಲ್ಲಿ ಒಮೆಗಾ 6 ಜಾಸ್ತಿ, ನಾಯಿಗೆ ಬೇಕಾದ ಒಮೆಗಾ 3 ಕಡಿಮೆ. ಅಗಸೆ ಬೀಜ ಹಾಕಿದರೆ ಆಗುವುದಿಲ್ಲ, ಅದರ ಎಣ್ಣೆಯನ್ನು ನಾಯಿಯ ಮೈ ಬೇಕಾದ ರೂಪಕ್ಕೆ ಬದಲಿಸುವುದು ತೀರ ಕಡಿಮೆ. ತೆಂಗಿನೆಣ್ಣೆಯಲ್ಲಿ ಒಮೆಗಾ 3 ಇಲ್ಲವೇ ಇಲ್ಲ. ಅತ್ತೆಯ ತುರಿ ಒಂದು ಚಮಚ ರುಚಿಗೆ ಆದೀತು, ಜಾಸ್ತಿಯಾದರೆ ಬರೀ ಕೊಬ್ಬು, ಭೇದಿ.

ಬೂತಾಯಿ (ಸಾರ್ಡೀನ್ ಮೀನು) ಕೊಡಿ. ಎರಡು ಬೂತಾಯಿ ವಾರಕ್ಕೆ ಮೂರು ಸಲ. ಹಸಿ ಬೇಡ. ಕೆಲವು ಮೀನಿನಲ್ಲಿ ಥಯಾಮಿನೇಸ್ ಅಂತ ಒಂದು ಕಿಣ್ವ ಇರುತ್ತದೆ, ಬಿ1 ವಿಟಮಿನ್ನನ್ನು ತಿಂದುಹಾಕುತ್ತದೆ. ಬೇಯಿಸಿದರೆ ಅದು ಸಾಯುತ್ತದೆ. ಉಪ್ಪು, ಹುಳಿ ಇಲ್ಲದೆ ಕುಕ್ಕರಿನಲ್ಲಿ ಐದು ವಿಸಿಲ್ ಹೊಡೆಸಿ. ಬೆನ್ನುಮುಳ್ಳನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿ, ಹಿಟ್ಟಿನ ಹಾಗೆ ಪುಡಿಯಾಗಬೇಕು. ಆಗದಿದ್ದರೆ ಇನ್ನೆರಡು ವಿಸಿಲ್.

ಮೀನು ತಾಜಾ ಇರಬೇಕು. ಬೂತಾಯಿ, ಬಂಗುಡೆ ಬಿಸಿಲಲ್ಲಿ ಕೂತರೆ ಹಿಸ್ಟಮಿನ್ ಏರುತ್ತದೆ, ಅದು ಬೇಯಿಸಿದರೂ ಹೋಗುವುದಿಲ್ಲ. "ನಾಯಿಗಲ್ವಾ, ಯಾವುದಾದರೂ ನಡೆಯುತ್ತದೆ" ಅಂತ ಬುಟ್ಟಿಯ ತಳದ್ದು ತರಬೇಡಿ.

ಇನ್ನೊಂದು ಪಚ್ಚಿಲೆ, ಕಡಲ ಕಲ್ಲಿಗೆ ಅಂಟಿಕೊಂಡಿರುವ ಹಸಿರು ಚಿಪ್ಪಿನದ್ದು. ಬರೀ ಕೋಳಿ ಮಾಂಸದಲ್ಲಿ ಮ್ಯಾಂಗನೀಸ್ ತೀರ ಕಡಿಮೆ, ಪಚ್ಚಿಲೆಯಲ್ಲಿ ಬೇಕಾದಷ್ಟು. ಹಬೆಯಲ್ಲಿ ಬಾಯಿ ಬಿಟ್ಟದ್ದು ಮಾತ್ರ ಕೊಡಿ, ಬಿಡದ್ದನ್ನು ಬಿಸಾಡಿ. ಚರಂಡಿ ನೀರು ಸೇರುವ ಕಡೆಯಿಂದ ತೆಗೆದದ್ದು ಬೇಡ. ಅದು ನೀರು ಸೋಸಿ ಬದುಕುವ ಜೀವಿ, ನೀರಿನಲ್ಲಿದ್ದ ಕೊಳೆ ಅದರ ಹೊಟ್ಟೆಯಲ್ಲಿರುತ್ತದೆ.

ಮಲ್ಪೆ ಗಾಳಿ

ಹಳಬರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ, ದೊಡ್ಡ ಬೋಟು ಇಳಿಯುವುದಿಲ್ಲ. ಆಗ ನಾಡದೋಣಿಯವರು ತಂದದ್ದೇ ಗತಿ, ರೇಟು ಕೇಳಿದರೆ ನಾಯಿಯಲ್ಲ, ನಾವೇ ತಿನ್ನುವುದಿಲ್ಲ. ಬೇಕಾದವರು ಈಗಲೇ ಬೇಯಿಸಿ ಫ್ರೀಜರಿನಲ್ಲಿ ಇಟ್ಟುಕೊಳ್ಳಿ.

ಬೊಗ್ಗನ ಮನೆ, ಕದ್ರಿ

ಮೊಟ್ಟೆ, ಮೊಸರು? ಎಲುಬೇ ಬೇಡ ಅಂದರೆ ಮೊಟ್ಟೆ ಸಿಪ್ಪೆ ಸಾಕಾ?

ಸೂಜಿ ಮದ್ದು, ಉಡುಪಿ

ಸಾಕು. ನನ್ನನ್ನು ಕೇಳಿದರೆ ಅದೇ ಒಳ್ಳೆಯದು, ಹಲ್ಲೂ ಮುರಿಯುವುದಿಲ್ಲ, ಗಂಟಲಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಸಿಪ್ಪೆ ತೊಳೆದು, ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ಮೈದಾದಷ್ಟು ನುಣ್ಣಗೆ ಮಾಡಿ. ಒಂದು ಗ್ರಾಂ ಪುಡಿಯಲ್ಲಿ ಸುಮಾರು 380 ಮಿಲಿಗ್ರಾಂ ಕ್ಯಾಲ್ಸಿಯಂ. ಎಲುಬಿಲ್ಲದ ಊಟ 450 ಗ್ರಾಮಿಗೆ ಅರ್ಧ ಟೀ ಚಮಚ. ಎಲುಬೂ ಕೊಟ್ಟು ಇದನ್ನೂ ಹಾಕಿದರೆ ಮತ್ತೆ ಸುಣ್ಣದ ಉಂಡೆ, ನೆನಪಿರಲಿ.

ಮೊಟ್ಟೆ ಬೇಯಿಸಿ ವಾರಕ್ಕೆ ಎರಡು ಮೂರು. ಮೊಸರು ಹುಳಿ ಬಂದದ್ದು ಒಂದು ಚಮಚ, ಹೊಟ್ಟೆ ಸಡಿಲವಾದರೆ ನಿಲ್ಲಿಸಿ. ಪಪ್ಪಾಯಿ, ಕದಳಿ ಬಾಳೆ ಎಲ್ಲ ತಿಂಡಿ ಲೆಕ್ಕ, ಒಂದೆರಡು ತುಂಡು. ಸೋರೆಕಾಯಿ, ಹೀರೆಕಾಯಿ, ಮಂಗಳೂರು ಸೌತೆ ಮೊದಲು ನೀವು ಕಚ್ಚಿ ನೋಡಿ. ಕಹಿ ಇದ್ದರೆ ನಾಯಿಗೂ ಬೇಡ, ನಿಮಗೂ ಬೇಡ.

ಈಗ ಕೊನೆಗೆ ಹೇಳುತ್ತೇನೆ ಅಂದದ್ದು. ಅಮೆರಿಕದ ಪಶುವೈದ್ಯರ ಸಂಘ 2012ರಲ್ಲೇ ಹಸಿ ಮಾಂಸ ಬೇಡ ಅಂತ ಹೇಳಿದೆ, ಸಾಲ್ಮೊನೆಲ್ಲಾ, ಇ. ಕೋಲಿ ಕಾರಣಕ್ಕೆ. ಫ್ರೀಜರಿನಲ್ಲಿ ಇಟ್ಟರೆ ಸಾಲ್ಮೊನೆಲ್ಲಾ ಸಾಯುವುದಿಲ್ಲ, ನಿದ್ದೆ ಹೋಗುತ್ತದೆ ಅಷ್ಟೇ. ನಾಯಿ ಆರಾಮವಾಗಿರಬಹುದು, ಅದು ನೆಕ್ಕಿದ ಮಗುವಿಗೆ ಭೇದಿ ಹಿಡಿಯಬಹುದು. ಆಡು, ಕುರಿಯ ಹಸಿ ಲಿವರ್, ಶ್ವಾಸಕೋಶ ಕೊಡಲೇ ಬೇಡಿ. ಅದರಲ್ಲಿ ಹೈಡಾಟಿಡ್ ಗುಳ್ಳೆ ಇದ್ದರೆ ನಾಯಿಯ ಕರುಳಿನಲ್ಲಿ ಲಾಡಿಹುಳು, ಅದರ ಮೊಟ್ಟೆಯಿಂದ ನಮ್ಮ ಲಿವರಿನಲ್ಲಿ ಗುಳ್ಳೆ. ಮನೆಯಲ್ಲಿ ಸಣ್ಣ ಮಕ್ಕಳು, ಬಸುರಿ, ವಯಸ್ಸಾದವರು ಇದ್ದರೆ ಮಾಂಸ ಬೇಯಿಸಿಯೇ ಹಾಕಿ. ಬೇಯಿಸಿದ ಮೇಲೆ ಕೋಳಿ ಎಲುಬು ಬೇಡ, ಚೂಪಾಗಿ ಸೀಳುತ್ತದೆ, ಸಿಪ್ಪೆ ಪುಡಿಯೇ ಸಾಕು.

ಬೇಯಿಸಿದರೂ ಲೆಕ್ಕ ತಪ್ಪಬಹುದು. 2013ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಮನೆಯಲ್ಲಿ ಮಾಡುವ 200 ನಾಯಿ ಊಟದ ವಿಧಾನ ಪರೀಕ್ಷಿಸಿದಾಗ 95 ಶೇಕಡಾದಲ್ಲಿ ಕನಿಷ್ಠ ಒಂದು ಪೋಷಕಾಂಶ ಸಾಲದೆ ಇತ್ತು. ಹಾಗಾಗಿ ಒಮ್ಮೆ ಬೊಗ್ಗನ ವಾರದ ಊಟ ಬರೆದುಕೊಂಡು ನಿಮ್ಮ ಡಾಕ್ಟ್ರಿಗೆ ತೋರಿಸಿ.

ತೋಳದ ಮರಿ, ಸುರತ್ಕಲ್

ಬೇಯಿಸಿದರೆ ಅದು ಹಸಿ ಊಟವೇ ಅಲ್ಲ. ನಾನು ಒಪ್ಪುವುದಿಲ್ಲ. ಲಾಡಿಹುಳುವಿನದ್ದು ಒಪ್ಪಿದೆ, ಮಟನ್ ಲಿವರ್ ಇನ್ನು ಒಲೆಗೆ.

ಬೊಗ್ಗನ ಮನೆ, ಕದ್ರಿ

ಮೂರು ವಾರದ ವರದಿ. ನಾದಿನಿ ಮಗುವಿನ ಜೊತೆ ರಜೆಗೆ ಬಂದಿದ್ದಾಳೆ, ಹಾಗಾಗಿ ಕೋಳಿ ಈಗ ಬೇಯಿಸಿಯೇ. ಸಿಪ್ಪೆ ಪುಡಿ ಅರ್ಧ ಚಮಚ ಹಾಕುತ್ತೇನೆ. ಐಸ್ ಟ್ರೇಯಲ್ಲಿ ಸಿಹಿಕುಂಬಳ ಮತ್ತು ಬೀನ್ಸ್. ನಾಲ್ಕನೇ ದಿನಕ್ಕೆ ಬಣ್ಣ ಬದಲಾಯಿತು. ಈಗ ಕಂದು, ಗಟ್ಟಿ, ಎರಡು ನಿಮಿಷದಲ್ಲಿ ಕೆಲಸ ಮುಗಿಸಿ ಹಿಂಗಾಲಲ್ಲಿ ಮಣ್ಣು ಎರಚಿ ಬರುತ್ತಾನೆ. ಪರೀಕ್ಷೆಗೆಂದು ಎರಡು ದಿನ ಸಿಹಿಕುಂಬಳ ಪೂರ್ತಿ ಬಿಟ್ಟು ನೋಡಿದೆ. ಏನೂ ವ್ಯತ್ಯಾಸ ಆಗಲಿಲ್ಲ. ಡಾಕ್ಟ್ರೆ, ಹೆಂಚು ಸರಿಯಾಗಿದೆ.

ಪಚ್ಚಿಲೆ ಮಾತ್ರ ಉಗುಳಿದ. ಒಂದೊಂದನ್ನೇ ಬಟ್ಟಲಿನಿಂದ ತೆಗೆದು ಚಾಪೆ ಮೇಲೆ ಸಾಲಾಗಿ ಇಟ್ಟ. ಈಗ ಅದನ್ನೂ ತರಕಾರಿ ಜೊತೆ ರುಬ್ಬುತ್ತೇನೆ, ಗೊತ್ತೇ ಆಗುವುದಿಲ್ಲ. ಅತ್ತೆ ಇನ್ನೂ ತುರಿ ಹಾಕುತ್ತಾರೆ, ನಾನು ಆ ಕಡೆ ತಿರುಗಿದಾಗ.

ಜೂನ್ 1ಕ್ಕೆ ಇನ್ನು ನಾಲ್ಕೇ ದಿನ. ನಾಳೆ ಬೆಳಿಗ್ಗೆ ಬಂದರಿನ ಧಕ್ಕೆಗೆ ಹೋಗುವವರು ಯಾರಾದರೂ ಇದ್ದೀರಾ? ಎರಡು ಕಿಲೋ ಬೂತಾಯಿ ಬೇಕಿತ್ತು. ಬುಟ್ಟಿಯ ಮೇಲಿನದ್ದು.